ರಜೆ ಚೀಟಿಯ ಒಂದು ವಾಕ್ಯ: ಇಂಗ್ಲಿಷ್ ಕಂಜಂಕ್ಷನ್ ಬೋಧಿಸುವಾಗ ನಾನು ಕಲಿತದ್ದು

ಹಿನ್ನೆಲೆ

ಬಿ.ಇಡಿ. ಎರಡನೆಯ ವರ್ಷದ ಇಂಟರ್ನ್‌ಶಿಪ್‌ಗೆ ನನ್ನನ್ನು ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ಇಂಗ್ಲಿಷ್. ಗದ್ಯ, ಪದ್ಯಗಳ ನಡುವೆ ವ್ಯಾಕರಣಕ್ಕೆಂದು ಮೂರು ಅವಧಿಗಳು ಸಿಕ್ಕವು. ಶಾಲೆಯ ಇಂಗ್ಲಿಷ್ ಶಿಕ್ಷಕಿ, "ಕಂಜಂಕ್ಷನ್ ತಗೊಳ್ಳಿ, ಹೊಸಬರಿಗೆ ಸುಲಭ" ಎಂದರು. ನನಗೂ ಹಾಗೆಯೇ ಅನ್ನಿಸಿತು. ಎಂಟು ಹತ್ತು ಪದ, ಅವುಗಳ ಅರ್ಥ, ಒಂದಷ್ಟು ಬಿಟ್ಟ ಸ್ಥಳ ತುಂಬುವ ಅಭ್ಯಾಸ. ಇದರಲ್ಲಿ ಕಷ್ಟವೇನಿದೆ ಎಂದುಕೊಂಡೆ.

ಕಷ್ಟ ಎಲ್ಲಿದೆ ಎಂಬುದನ್ನು ಒಬ್ಬ ವಿದ್ಯಾರ್ಥಿನಿಯ ರಜೆ ಚೀಟಿ ನನಗೆ ತೋರಿಸಿತು. ಆ ಅನುಭವವನ್ನು ಮುಂದಿನ ತಂಡದ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

ಮೊದಲ ಅವಧಿ: ಕಪ್ಪುಹಲಗೆಯ ಪಟ್ಟಿ

ಪಾಠ ಯೋಜನೆ ಅಚ್ಚುಕಟ್ಟಾಗಿಯೇ ಇತ್ತು. ಪೂರ್ವಜ್ಞಾನ ಪರೀಕ್ಷೆಗೆ ಮೂರು ಪ್ರಶ್ನೆ, ನಂತರ ಉದ್ದೇಶ ಕಥನ, ನಂತರ ಮಂಡನೆ. ಕಪ್ಪುಹಲಗೆಯ ಎಡಭಾಗದಲ್ಲಿ ಈ ಪಟ್ಟಿ ಬರೆದೆ:

ಆ್ಯಂಡ್ – ಮತ್ತು
ಬಟ್ – ಆದರೆ
ಆರ್ – ಅಥವಾ
ಸೋ – ಆದ್ದರಿಂದ
ಬಿಕಾಸ್ – ಕಾರಣ
ಆಲ್ದೋ – ಆದರೂ
ಇಫ್ – ಆದರೆ
ಅನ್‌ಲೆಸ್ – ಇಲ್ಲದಿದ್ದರೆ

ಮಕ್ಕಳು ಬರೆದುಕೊಂಡರು. ಒಟ್ಟಾಗಿ ಎರಡು ಸಲ ಹೇಳಿಸಿದೆ. ಮಧ್ಯದ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಸರ್, ಬಟ್‌ಗೂ ಆದರೆ ಅಂತ ಬರೆದಿದ್ದೀರಿ, ಇಫ್‌ಗೂ ಆದರೆ ಅಂತ ಬರೆದಿದ್ದೀರಿ. ಎರಡೂ ಒಂದೇನಾ ಸರ್?" ಎಂದು ಕೇಳಿದ. ಗಡಿಯಾರ ನೋಡಿದೆ. ಮೌಲ್ಯಮಾಪನದ ಹಂತ ಇನ್ನೂ ಬಾಕಿ ಇತ್ತು. "ಬೇರೆ ಬೇರೆ ಕಣಪ್ಪ, ಆಮೇಲೆ ಹೇಳ್ತೀನಿ, ಈಗ ಬರ್ಕೋ" ಎಂದೆ. ಆ ದಿನ ಹೇಳಲಿಲ್ಲ.

ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ ಹೆಚ್ಚಿನ ಮಕ್ಕಳು ಸರಿಯುತ್ತರ ಕೊಟ್ಟರು. ಪಾಠದ ಉದ್ದೇಶ ಈಡೇರಿತು ಎಂದು ಪಾಠ ಯೋಜನೆಯ ಕೊನೆಯಲ್ಲಿ ಬರೆದುಕೊಂಡೆ. ಒಂದು ವಿಷಯ ಆಗ ಹೊಳೆಯಲಿಲ್ಲ. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಎರಡು ವಾಕ್ಯಗಳ ಕ್ರಮವನ್ನೂ, ಪದ ಎಲ್ಲಿ ಕೂರಬೇಕು ಎಂಬುದನ್ನೂ ಪ್ರಶ್ನೆ ಬರೆದವರೇ ತೀರ್ಮಾನಿಸಿರುತ್ತಾರೆ. ಮಗು ಮಾಡುವ ಕೆಲಸ ಪದವನ್ನು ಆರಿಸುವುದಷ್ಟೇ. ವಾಕ್ಯಗಳನ್ನು ಜೋಡಿಸುವ ಕೆಲಸವನ್ನು ಆ ದಿನ ನನ್ನ ತರಗತಿಯಲ್ಲಿ ಯಾರೂ ಮಾಡಿರಲಿಲ್ಲ.

ರಜೆ ಚೀಟಿ

ಮುಂದಿನ ವಾರ ಒಬ್ಬ ವಿದ್ಯಾರ್ಥಿನಿ ಎರಡು ದಿನ ಶಾಲೆಗೆ ಬಂದಿರಲಿಲ್ಲ. ಮೂರನೆಯ ದಿನ ಬಂದವಳು, ಯಾರೂ ಹೇಳದೆ ಇದ್ದರೂ, ರಜೆ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ತಂದಿದ್ದಳು. ಅದರಲ್ಲಿ ಈ ವಾಕ್ಯವಿತ್ತು:

"ಐ ಹ್ಯಾಡ್ ಫೀವರ್ ಬಿಕಾಸ್ ಐ ಡಿಡ್ ನಾಟ್ ಕಮ್ ಟು ಸ್ಕೂಲ್."

ಅದನ್ನು ನಾನು ಗಟ್ಟಿಯಾಗಿ ಓದಿದೆ. "ಶಾಲೆಗೆ ಬರದೇ ಇದ್ದಿದ್ದಕ್ಕೆ ಜ್ವರ ಬಂತಂತೆ!" ಎಂದು ಕನ್ನಡದಲ್ಲಿ ಹೇಳಿದೆ. ತರಗತಿ ನಕ್ಕಿತು. ನಾನೂ ನಕ್ಕೆ. ಕೆಂಪು ಶಾಯಿಯಲ್ಲಿ ಬಿಕಾಸ್ ಹೊಡೆದು ಸೋ ಎಂದು ಬರೆದು ಚೀಟಿ ಹಿಂದಿರುಗಿಸಿದೆ. ಅವಳು ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡು ಕುಳಿತಳು. ಅಂದಿನಿಂದ ಅವಳು ಕೈ ಎತ್ತಲಿಲ್ಲ. ನಾನೇ ಹೆಸರು ಹಿಡಿದು ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಚೀಟಿ ಓದಿದ ದಿನ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕ ಕೈಗೆ ಕೊಟ್ಟು ಹೋದರು. ಕಪ್ಪುಹಲಗೆ ಬಳಕೆ ಉತ್ತಮ, ಧ್ವನಿ ಉತ್ತಮ ಎಂದಿತ್ತು. ಕೊನೆಯಲ್ಲಿ ಎರಡೇ ಸಾಲು: "ಆ ಹುಡುಗಿಯ ನೋಟ್‌ಬುಕ್ ತೆಗೆದು ನೋಡಿ. ಆ ವಾಕ್ಯ ಎಲ್ಲಿಂದ ಬಂತು ಎಂದು ಹುಡುಕಿ."

ನೋಟ್‌ಬುಕ್‌ನಲ್ಲಿ ಸಿಕ್ಕಿದ್ದು

ನೋಟ್‌ಬುಕ್‌ಗಳನ್ನು ತಿದ್ದಲು ತೆಗೆದುಕೊಂಡಾಗ ಅವಳದನ್ನು ಮೊದಲು ತೆರೆದೆ. ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಕನ್ನಡ ವಾಕ್ಯವಿತ್ತು: "ನನಗೆ ಜ್ವರ ಬಂದ ಕಾರಣ ಶಾಲೆಗೆ ಬರಲಿಲ್ಲ." ಅದರ ಕೆಳಗೆ ಒಂದೊಂದು ತುಂಡಿಗೂ ಇಂಗ್ಲಿಷ್ ಬರೆದುಕೊಂಡಿದ್ದಳು. ನನಗೆ ಜ್ವರ ಬಂದ ಎಂಬುದಕ್ಕೆ ಐ ಹ್ಯಾಡ್ ಫೀವರ್. ಕಾರಣ ಎಂಬುದಕ್ಕೆ ಬಿಕಾಸ್. ಶಾಲೆಗೆ ಬರಲಿಲ್ಲ ಎಂಬುದಕ್ಕೆ ಐ ಡಿಡ್ ನಾಟ್ ಕಮ್ ಟು ಸ್ಕೂಲ್.

ಅದನ್ನು ನೋಡುತ್ತಾ ಕುಳಿತೆ. ಮೂರು ತುಂಡುಗಳಲ್ಲಿ ಒಂದೂ ತಪ್ಪಿಲ್ಲ. ಡಿಡ್ ಬಂದ ಮೇಲೆ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು ಎಂಬುದನ್ನೂ ಅವಳು ಪಾಲಿಸಿದ್ದಳು. ಬಿಕಾಸ್ ಎಂದರೆ ಕಾರಣ ಎಂದು ಹಲಗೆಯ ಮೇಲೆ ಬರೆದವನು ನಾನು. ಅವಳು ನನ್ನ ಪಟ್ಟಿಯನ್ನು ನಂಬಿ, ಕಾರಣ ಎಂಬ ಪದ ಇದ್ದ ಜಾಗದಲ್ಲೇ ಬಿಕಾಸ್ ಇಟ್ಟಿದ್ದಳು. ತಪ್ಪು ಇದ್ದದ್ದು ನನ್ನ ಪಟ್ಟಿಯಲ್ಲಿ. ನಕ್ಕಿದ್ದು ಅವಳನ್ನು.

ಉಳಿದ ನೋಟ್‌ಬುಕ್‌ಗಳನ್ನೂ ಅದೇ ಕಣ್ಣಿನಿಂದ ಓದಿದೆ. ಬೇರೆ ಬೇರೆ ಮಕ್ಕಳು ಬರೆದ ತಪ್ಪುಗಳು ನಾಲ್ಕು ಗುಂಪಿಗೆ ಸೇರಿದವು.

1. ಪದ ತಪ್ಪು ವಾಕ್ಯಕ್ಕೆ ಅಂಟಿಕೊಂಡದ್ದು: "ಇಟ್ ರೇನ್ಡ್ ಆಲ್ದೋ ವಿ ಪ್ಲೇಡ್." ಮಳೆ ಬಂತು, ಆದರೂ ಆಡಿದೆವು ಎಂಬುದು ಮಗುವಿನ ಮನಸ್ಸಿನಲ್ಲಿತ್ತು. ಇಂಗ್ಲಿಷಿನಲ್ಲಿ ಅದು, ನಾವು ಆಡಿದರೂ ಮಳೆ ಬಂತು ಎಂದಾಯಿತು. ರಜೆ ಚೀಟಿಯ ವಾಕ್ಯವೂ ಈ ಗುಂಪಿನದೇ.

2. ಎರಡು ಪದ ಬಂದದ್ದು: "ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್." "ಬಿಕಾಸ್ ಐ ಹ್ಯಾಡ್ ಫೀವರ್, ಸೋ ಐ ಡಿಡ್ ನಾಟ್ ಕಮ್."

3. ನಡುವೆ ಮೀನ್ಸ್ ಸೇರಿದ್ದು: "ಇಫ್ ಇಟ್ ರೇನ್ಸ್ ಮೀನ್ಸ್ ವಿ ವಿಲ್ ನಾಟ್ ಪ್ಲೇ." ಇದು ಮಕ್ಕಳದಷ್ಟೇ ಅಲ್ಲ. ನಮ್ಮ ಕಡೆ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಕೆಲವೊಮ್ಮೆ ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿಬರುವ ವಾಕ್ಯ.

4. ಇಲ್ಲ ಎಂಬುದು ಎರಡು ಸಲ ಬಂದದ್ದು: "ಅನ್‌ಲೆಸ್ ಯು ಡು ನಾಟ್ ಸ್ಟಡಿ, ಯು ವಿಲ್ ಫೇಲ್."

ಮೊದಲ ಗುಂಪಿನ ಬಗ್ಗೆ ಒಂದು ಎಚ್ಚರಿಕೆ. ಈ ವಾಕ್ಯಗಳಲ್ಲಿ ವ್ಯಾಕರಣ ಕೆಟ್ಟಿರುವುದಿಲ್ಲ, ಅರ್ಥ ತಲೆಕೆಳಗಾಗಿರುತ್ತದೆ. ಅವಸರದಲ್ಲಿ ತಿದ್ದುವವರು ಇದಕ್ಕೆ ಸರಿ ಗುರುತು ಹಾಕಿಬಿಡುವ ಸಂಭವ ಹೆಚ್ಚು. ನಾನೂ ಎರಡು ಕಡೆ ಹಾಕಿದ್ದೆ.

ತಪ್ಪಿನ ಬೇರು

ಎಸ್. ಪಿ. ಕಾರ್ಡರ್ 1967ರ ತಮ್ಮ ಲೇಖನದಲ್ಲಿ, ಬಾಯಿತಪ್ಪಿ ಆಗುವ ತಪ್ಪು ಬೇರೆ, ಕಲಿಯುವವನ ಮನಸ್ಸಿನಲ್ಲಿ ಮೂಡಿರುವ ನಿಯಮದಿಂದ ಹುಟ್ಟುವ ತಪ್ಪು ಬೇರೆ ಎಂದು ವಿಂಗಡಿಸಿದರು. ಎರಡನೆಯ ಬಗೆಯ ತಪ್ಪು ಶಿಕ್ಷಕನಿಗೆ ಮಾಹಿತಿ ಕೊಡುತ್ತದೆ ಎಂಬುದು ಅವರ ವಾದ. ಪರೀಕ್ಷೆಗೆಂದು ಇದನ್ನು ನಾವೆಲ್ಲ ಓದಿರುತ್ತೇವೆ. 1957ರಲ್ಲಿ ರಾಬರ್ಟ್ ಲಾಡೋ ಎರಡು ಭಾಷೆಗಳ ರಚನೆಯನ್ನು ಹೋಲಿಸಿ ನೋಡುವ ಕ್ರಮವನ್ನು ಮುಂದಿಟ್ಟದ್ದೂ, 1972ರಲ್ಲಿ ಸೆಲಿಂಕರ್ ಕಲಿಯುವವನ ನಡುದಾರಿಯ ಭಾಷೆಗೆ ಇಂಟರ್‌ಲ್ಯಾಂಗ್ವೇಜ್ ಎಂದು ಹೆಸರಿಟ್ಟದ್ದೂ ನಮ್ಮ ನೋಟ್ಸಿನಲ್ಲಿವೆ. ಅವು ನನ್ನ ಕೈಯಲ್ಲಿದ್ದ ನೋಟ್‌ಬುಕ್‌ಗಳಿಗೆ ಸಂಬಂಧಿಸಿದ ಮಾತು ಎಂದು ನನಗೆ ಅಂದೇ ಅರ್ಥವಾದದ್ದು.

ನಮ್ಮ ಕನ್ನಡ ವ್ಯಾಕರಣ ಪಾಠದಲ್ಲಿ ಮತ್ತು, ಅಥವಾ, ಆದ್ದರಿಂದ, ಏಕೆಂದರೆ, ಊ ಮುಂತಾದವನ್ನು ಸಂಬಂಧಾರ್ಥಕಾವ್ಯಯ ಎಂದು ಕಲಿಸುತ್ತೇವೆ. ಆದರೆ ಕನ್ನಡದಲ್ಲಿ ವಾಕ್ಯಗಳನ್ನು ಜೋಡಿಸುವ ಕೆಲಸದ ದೊಡ್ಡ ಪಾಲನ್ನು ಈ ಬಿಡಿ ಪದಗಳು ಮಾಡುವುದಿಲ್ಲ. ಕ್ರಿಯಾಪದದ ಬಾಲ ಮಾಡುತ್ತದೆ. ಮಳೆ ಬಂದದ್ದರಿಂದ, ಮಳೆ ಬಂದರೂ, ಮಳೆ ಬಂದರೆ, ಮಳೆ ಬರದಿದ್ದರೆ, ಮಳೆ ಬಂದಾಗ, ಮಳೆ ಬರುವ ತನಕ. ಇವೆಲ್ಲವುಗಳಲ್ಲಿ ಜೋಡಿಸುವ ಅಂಶ ಉಪವಾಕ್ಯದ ಕೊನೆಯಲ್ಲಿದೆ. ಇಂಗ್ಲಿಷಿನಲ್ಲಿ ಅದೇ ಅಂಶ ಉಪವಾಕ್ಯದ ಆರಂಭದಲ್ಲಿರುತ್ತದೆ: ಬಿಕಾಸ್ ಇಟ್ ರೇನ್ಡ್, ಆಲ್ದೋ ಇಟ್ ರೇನ್ಡ್, ಇಫ್ ಇಟ್ ರೇನ್ಸ್.

ಈ ಒಂದು ವ್ಯತ್ಯಾಸದಿಂದಲೇ ನಾಲ್ಕರಲ್ಲಿ ಮೂರು ಗುಂಪಿನ ತಪ್ಪುಗಳನ್ನು ವಿವರಿಸಬಹುದು ಎಂದು ನನಗೆ ಕಂಡಿತು. ಕನ್ನಡದಲ್ಲಿ ಉಪವಾಕ್ಯ ಸಾಮಾನ್ಯವಾಗಿ ಮೊದಲು ಬರುತ್ತದೆ. ಅದರ ಬಾಲ ಎರಡು ವಾಕ್ಯಗಳ ಸಂದಿಯಲ್ಲಿ ಕೇಳಿಸುತ್ತದೆ. ಆದ್ದರಿಂದ ಕನ್ನಡದ ಮಗುವಿನ ಕಿವಿಗೆ ಜೋಡಿಸುವ ಪದದ ಜಾಗ ಎಂದರೆ ನಡುವಿನ ಸಂದಿ. ಬಂದ ಕಾರಣ ಎಂಬಲ್ಲಿನ ಕಾರಣವನ್ನು ಅಲ್ಲೇ ಬಿಟ್ಟು ಬಿಕಾಸ್ ಎಂದರೆ ಅದು ಮುಂದಿನ ವಾಕ್ಯಕ್ಕೆ ಅಂಟಿಕೊಂಡು ಅರ್ಥ ತಿರುಗುತ್ತದೆ. ಇದು ಮೊದಲ ಗುಂಪು. "ಆಲ್ದೋ ಇಟ್ ರೇನ್ಡ್" ಎಂದು ಸರಿಯಾಗಿ ಆರಂಭಿಸಿದ ಮಗುವಿಗೂ ನಡುವಿನ ಸಂದಿ ಖಾಲಿ ಉಳಿಯಿತಲ್ಲ ಎನ್ನಿಸುತ್ತದೆ. ಅಲ್ಲೊಂದು ಬಟ್ ಇಡುತ್ತದೆ. ಇದು ಎರಡನೆಯದು. ಮಳೆ ಬಂತು ಅಂದರೆ ಎಂಬಲ್ಲಿನ ಅಂದರೆ ಅದೇ ಸಂದಿಯಲ್ಲಿ ಮೀನ್ಸ್ ಆಗಿ ಕುಳಿತುಕೊಳ್ಳುತ್ತದೆ. ಇದು ಮೂರನೆಯದು.

ನಾಲ್ಕನೆಯದಕ್ಕೆ ಕಾರಣ ಸ್ವಲ್ಪ ಬೇರೆ. ಓದದಿದ್ದರೆ ಎಂಬ ಒಂದೇ ಪದದಲ್ಲಿ ನಿಷೇಧವೂ ಇದೆ, ಷರತ್ತೂ ಇದೆ. ಇಂಗ್ಲಿಷಿನ ಅನ್‌ಲೆಸ್ ಕೂಡ ಎರಡನ್ನೂ ಹೊತ್ತಿದೆ. ಮಗು ಅನ್‌ಲೆಸ್‌ಗೆ ಷರತ್ತನ್ನು ಮಾತ್ರ ಕೊಟ್ಟು, ಓದದೆ ಎಂಬ ನಿಷೇಧಕ್ಕೆ ಪ್ರತ್ಯೇಕವಾಗಿ ನಾಟ್ ಸೇರಿಸುತ್ತದೆ.

ಪಟ್ಟಿಯ ದೋಷವೂ ಈಗ ಸ್ಪಷ್ಟವಾಯಿತು. ಆಲ್ದೋ ಎಂದರೆ ಆದರೂ ಎಂದು ಬರೆದಿದ್ದೆ. ಬಂದರೂ ಎಂಬಲ್ಲಿನ ರೂ ಮಳೆಯ ವಾಕ್ಯಕ್ಕೆ ಸೇರಿದ್ದು. ಅದು ಆಲ್ದೋ. "ಮಳೆ ಬಂತು, ಆದರೂ ಆಡಿದೆವು" ಎಂಬಲ್ಲಿನ ಆದರೂ ಆಟದ ವಾಕ್ಯದ ಮುಂದೆ ನಿಂತದ್ದು. ಅದು ಬಟ್ ಅಥವಾ ಸ್ಟಿಲ್. ನಾನು ಕೊಟ್ಟ ಅರ್ಥ ಮಗುವನ್ನು ನೇರವಾಗಿ ತಪ್ಪು ವಾಕ್ಯಕ್ಕೆ ಕಳುಹಿಸುವಂತಿತ್ತು.

ಎರಡನೆಯ ಅವಧಿ: ಮೊದಲು ಕನ್ನಡ, ನಂತರ ಇಂಗ್ಲಿಷ್

ಎರಡನೆಯ ಅವಧಿಗೆ ಹೊಸ ಯೋಜನೆ ಬರೆದೆ. ತರಗತಿಗೆ ಹೋದವನು ಹಳೆಯ ಪಟ್ಟಿಯನ್ನೇ ಮತ್ತೊಮ್ಮೆ ಹಲಗೆಯ ಮೇಲೆ ಬರೆದು, "ಇದರಲ್ಲಿ ತಪ್ಪಿದೆ. ಬರೆದವನು ನಾನು. ರಜೆ ಚೀಟಿಯ ವಾಕ್ಯ ತಪ್ಪಾದದ್ದು ಈ ಪಟ್ಟಿಯಿಂದ. ಅದಕ್ಕೆ ನಗಬಾರದಿತ್ತು, ನಾನು ನಕ್ಕಿದ್ದು ತಪ್ಪು" ಎಂದೆ. ಆ ಹುಡುಗಿ ತಲೆ ಎತ್ತಲಿಲ್ಲ. ನಾನೂ ಅವಳ ಕಡೆ ನೋಡದೆ ಪಟ್ಟಿ ಅಳಿಸಿ ಪಾಠ ಶುರುಮಾಡಿದೆ.

ಹಲಗೆಯ ಮೇಲೆ ಎರಡು ಸಣ್ಣ ಕನ್ನಡ ವಾಕ್ಯ ಬರೆದೆ: ಜ್ವರ ಬಂತು. ಶಾಲೆಗೆ ಬರಲಿಲ್ಲ. "ಯಾವುದು ಕಾರಣ, ಯಾವುದು ಅದರ ಫಲ?" ಎಂದು ಕೇಳಿದೆ. ಎಲ್ಲರಿಗೂ ಗೊತ್ತಿತ್ತು. ಕಾರಣದ ಸುತ್ತ ಒಂದು ಚೌಕ ಎಳೆದೆ. "ಈ ಎರಡನ್ನು ಎಷ್ಟು ರೀತಿ ಸೇರಿಸಬಹುದು, ಕನ್ನಡದಲ್ಲೇ ಹೇಳಿ" ಎಂದೆ. ಮಕ್ಕಳು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಅವರು ಹೇಳಿದ್ದನ್ನು ಮೂರು ಸಾಲಿಗೆ ಇಳಿಸಿದೆ:

ಜ್ವರ ಬಂದದ್ದರಿಂದ ಶಾಲೆಗೆ ಬರಲಿಲ್ಲ.
ಜ್ವರ ಬಂತು, ಆದ್ದರಿಂದ ಶಾಲೆಗೆ ಬರಲಿಲ್ಲ.
ಶಾಲೆಗೆ ಬರಲಿಲ್ಲ, ಏಕೆಂದರೆ ಜ್ವರ ಬಂದಿತ್ತು.

ಮೂರು ಸಾಲಿನಲ್ಲೂ ಜೋಡಿಸುವ ಅಂಶದ ಕೆಳಗೆ ಗೆರೆ ಎಳೆಸಿದೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: "ಇದು ಯಾರ ಮನೆಗೆ ಸೇರಿದ್ದು? ಕಾರಣದ ಮನೆಗೋ, ಫಲದ ಮನೆಗೋ?" ಬಂದದ್ದರಿಂದ ಎಂಬುದು ಕಾರಣದ ಮನೆಯದು. ಆದ್ದರಿಂದ ಎಂಬುದು ಫಲದ ಮನೆಯದು. ಏಕೆಂದರೆ ಮತ್ತೆ ಕಾರಣದ ಮನೆಯದು. ಇಷ್ಟಾದ ಮೇಲೆ ಇಂಗ್ಲಿಷಿಗೆ ಬಂದೆ. ಬಿಕಾಸ್ ಯಾವಾಗಲೂ ಕಾರಣದ ಮನೆಯದು, ಸೋ ಫಲದ ಮನೆಯದು, ಎರಡೂ ತಮ್ಮ ತಮ್ಮ ಮನೆಯ ಮುಂದೆಯೇ ನಿಲ್ಲುತ್ತವೆ ಎಂದೆ.

ಆಗ ಮೊದಲ ಅವಧಿಯಲ್ಲಿ ಆದರೆ ಬಗ್ಗೆ ಕೇಳಿದ್ದ ಹುಡುಗನೇ ಎದ್ದು, "ಸರ್, ಬಂದದ್ದರಿಂದ ಅನ್ನೋದು ಹಿತ್ತಲ ಬಾಗಿಲಲ್ಲಿ ನಿಂತಿದೆ, ಬಿಕಾಸ್ ತಲೆಬಾಗಿಲಲ್ಲಿ ನಿಲ್ಲುತ್ತೆ" ಎಂದ. ನಾನು ಎರಡು ದಿನ ಕೂತು ಬರೆದ ವಿವರಣೆಗಿಂತ ಅದು ಚೆನ್ನಾಗಿತ್ತು. ಮುಂದೆ ತರಗತಿಯಲ್ಲಿ ನಾವೆಲ್ಲ ಬಳಸಿದ್ದು ಅದೇ ಮಾತು.

ಚಟುವಟಿಕೆ: ಕಾಗದದ ಪಟ್ಟಿಗಳು

ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಉದ್ದುದ್ದ ಕತ್ತರಿಸಿ ಪಟ್ಟಿಗಳನ್ನು ಮಾಡಿಕೊಂಡಿದ್ದೆ. ಒಂದು ಪಟ್ಟಿಯಲ್ಲಿ "ಬಿಕಾಸ್ ಐ ಹ್ಯಾಡ್ ಫೀವರ್", ಇನ್ನೊಂದರಲ್ಲಿ "ಐ ಡಿಡ್ ನಾಟ್ ಕಮ್ ಟು ಸ್ಕೂಲ್". ಬಿಕಾಸ್ ತನ್ನ ವಾಕ್ಯದ ಜೊತೆ ಒಂದೇ ಕಾಗದದಲ್ಲಿದೆ ಎಂಬುದು ಇಲ್ಲಿ ಮುಖ್ಯ. ಇಬ್ಬರು ಮಕ್ಕಳು ಪಟ್ಟಿ ಹಿಡಿದು ಅಕ್ಕಪಕ್ಕ ನಿಂತರು. ಉಳಿದವರು ಓದಿದರು. ನಂತರ ಇಬ್ಬರೂ ಜಾಗ ಬದಲಿಸಿದರು. ಮತ್ತೆ ಓದಿದರು. ಅರ್ಥ ಬದಲಾಗಲಿಲ್ಲ. ಕಾರಣ ಕಾರಣವಾಗಿಯೇ ಉಳಿಯಿತು.

ಎರಡನೆಯ ಜೋಡಿ: "ಇಟ್ ರೇನ್ಡ್" ಮತ್ತು "ಬಟ್ ವಿ ಪ್ಲೇಡ್". ಜಾಗ ಬದಲಿಸಿದಾಗ "ಬಟ್ ವಿ ಪ್ಲೇಡ್, ಇಟ್ ರೇನ್ಡ್" ಎಂದಾಯಿತು. ಮಕ್ಕಳೇ, "ಸರಿ ಹೋಗಲ್ಲ ಸರ್" ಎಂದರು. ಆಲ್ದೋ ಪಟ್ಟಿಯಿಂದ ಪ್ರಯತ್ನಿಸಿದರೆ ಸರಿಹೋಯಿತು. ಹೀಗೆ ಒಂದೊಂದೇ ಪದವನ್ನು ಪರೀಕ್ಷಿಸಿ ಎರಡು ಗುಂಪು ಮಾಡಿದೆವು. ಬಿಕಾಸ್, ಆಲ್ದೋ, ಇಫ್, ಅನ್‌ಲೆಸ್ ತಮ್ಮ ವಾಕ್ಯದೊಂದಿಗೆ ಮುಂದಕ್ಕೂ ಹೋಗುತ್ತವೆ, ಹಿಂದಕ್ಕೂ ಹೋಗುತ್ತವೆ. ಆ್ಯಂಡ್, ಬಟ್, ಆರ್, ಸೋ ನಡುವೆಯೇ ಇರಬೇಕು. ಸಬಾರ್ಡಿನೇಟಿಂಗ್, ಕೋಆರ್ಡಿನೇಟಿಂಗ್ ಎಂಬ ಹೆಸರುಗಳನ್ನು ಈ ಎರಡು ಗುಂಪಿಗೆ ಕೊನೆಯಲ್ಲಿ ಕೊಟ್ಟೆ. ಕನ್ನಡ ವ್ಯಾಕರಣದಲ್ಲಿ ಓದಿದ ಮಿಶ್ರವಾಕ್ಯ, ಸಂಯೋಜಿತ ವಾಕ್ಯಗಳನ್ನು ನೆನಪಿಸಿದೆ. ಹೆಸರು ಮೊದಲು ಬಂದಿದ್ದರೆ ಅದನ್ನು ಬಾಯಿಪಾಠ ಮಾಡಿ ಮುಗಿಸುತ್ತಿದ್ದರು.

ಅಲ್ಪವಿರಾಮವನ್ನೂ ಇಲ್ಲೇ ಕಲಿಸಲು ಸಾಧ್ಯವಾಯಿತು. ಬಿಕಾಸ್ ಅಥವಾ ಆಲ್ದೋ ಪಟ್ಟಿ ಮೊದಲು ಬಂದರೆ ಎರಡು ಪಟ್ಟಿಗಳ ನಡುವೆ ಅಲ್ಪವಿರಾಮ. ಆ ಸಂದಿಯಲ್ಲಿ ಇನ್ನೊಂದು ಪದ ಬೇಡ, ಅಲ್ಪವಿರಾಮವೇ ಸಾಕು. ಎರಡು ಪದ ಹಾಕುತ್ತಿದ್ದ ಮಕ್ಕಳಿಗೆ ಇದು ಹಿಡಿಸಿತು. ಖಾಲಿ ಜಾಗಕ್ಕೆ ಏನೋ ಒಂದು ಸಿಕ್ಕಿತಲ್ಲ. "ಎರಡು ವಾಕ್ಯಕ್ಕೆ ಒಂದೇ ಕೊಂಡಿ" ಎಂದು ಎಣಿಸಿ ನೋಡುವ ಅಭ್ಯಾಸವನ್ನೂ ಮಾಡಿಸಿದೆ.

ಮೂರನೆಯ ಅವಧಿ: ಬಾಕಿ ಇದ್ದ ಉತ್ತರ

ಮೂರನೆಯ ಅವಧಿಯನ್ನು ಆ ಹುಡುಗನ ಹಳೆಯ ಪ್ರಶ್ನೆಯಿಂದ ಆರಂಭಿಸಿದೆ. ಹಲಗೆಯ ಮೇಲೆ ಎರಡು ವಾಕ್ಯ:

ಮಳೆ ಆದರೆ ಬೆಳೆ ಆಗುತ್ತದೆ.
ಮಳೆ ಆಯಿತು, ಆದರೆ ಬೆಳೆ ಆಗಲಿಲ್ಲ.

"ಎರಡು ಆದರೆಯೂ ಒಂದೇನಾ?" ಎಂದು ನಾನೇ ಕೇಳಿದೆ. ಹೊಲಗದ್ದೆ ಇರುವ ಮನೆಯ ಮಕ್ಕಳು. ವ್ಯತ್ಯಾಸ ಹೇಳಲು ತಡವಾಗಲಿಲ್ಲ. ಮೊದಲನೆಯದರಲ್ಲಿ ಮಳೆ ಇನ್ನೂ ಆಗಿಲ್ಲ, ಎರಡನೆಯದರಲ್ಲಿ ಆಗಿಹೋಗಿದೆ. ಗಟ್ಟಿಯಾಗಿ ಓದಿಸಿದಾಗ ಇನ್ನೊಂದು ಅಂಶ ಕಂಡಿತು. ಎರಡನೆಯ ವಾಕ್ಯದಲ್ಲಿ ಆದರೆಗೆ ಮುಂಚೆ ಉಸಿರು ನಿಲ್ಲುತ್ತದೆ, ಮೊದಲನೆಯದರಲ್ಲಿ ನಿಲ್ಲುವುದಿಲ್ಲ. ಉಸಿರು ನಿಂತರೆ ಬಟ್, ನಿಲ್ಲದಿದ್ದರೆ ಇಫ್. ಈ ಗುರುತನ್ನು ಮಕ್ಕಳು ತಾವೇ ಬರೆದುಕೊಂಡರು.

ಅನ್‌ಲೆಸ್‌ಗೆ ಎರಡು ಹೆಜ್ಜೆ ಇಟ್ಟೆ. ಓದದಿದ್ದರೆ ಎಂಬುದನ್ನು ಮೊದಲು "ಇಫ್ ಯು ಡು ನಾಟ್ ಸ್ಟಡಿ" ಎಂದು ಬರೆಸಿದೆ. ನಂತರ ಇಫ್ ಮತ್ತು ಡು ನಾಟ್ ಎರಡನ್ನೂ ಅಳಿಸಿ, ಅವುಗಳ ಜಾಗಕ್ಕೆ ಅನ್‌ಲೆಸ್ ಒಂದನ್ನೇ ಇಡಿಸಿದೆ. ಅಳಿಸುವ ಕೆಲಸವನ್ನು ಕೈಯಿಂದಲೇ ಮಾಡಿಸುವುದು ಒಳ್ಳೆಯದು.

ಆ್ಯಂಡ್ ಬಗ್ಗೆ ಹತ್ತು ನಿಮಿಷ ಸಿಕ್ಕಿತು. ಎದ್ದು, ಮುಖ ತೊಳೆದು, ತಿಂಡಿ ತಿಂದು, ಶಾಲೆಗೆ ಬಂದೆ ಎಂದು ನಾವು ಕೃದಂತಾವ್ಯಯಗಳನ್ನು ಪೋಣಿಸುತ್ತೇವೆ. ಮಕ್ಕಳು ಪ್ರತಿಯೊಂದರ ನಡುವೆಯೂ ಆ್ಯಂಡ್ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೊನೆಯ ಎರಡರ ನಡುವೆ ಒಂದು ಆ್ಯಂಡ್ ಸಾಕು, ಉಳಿದೆಡೆ ಅಲ್ಪವಿರಾಮ ಎಂದು ತೋರಿಸಿದೆ.

ಏನಾಯಿತು, ಏನಾಗಲಿಲ್ಲ

ಇಂಟರ್ನ್‌ಶಿಪ್ ಮುಗಿಯುವ ಮುನ್ನ ಒಂದು ಕಿರುಪರೀಕ್ಷೆ ಕೊಟ್ಟೆ. ಬಿಟ್ಟ ಸ್ಥಳ ಇರಲಿಲ್ಲ. ಎರಡೆರಡು ವಾಕ್ಯ ಕೊಟ್ಟು ಸೇರಿಸಿ ಬರೆಯಲು ಹೇಳಿದ್ದೆ. ಬಿಕಾಸ್ ಮತ್ತು ಸೋ ಬಹುಮಟ್ಟಿಗೆ ಸರಿಯಾದ ಮನೆ ಸೇರಿದ್ದವು. ಆಲ್ದೋ ಜೊತೆ ಬಟ್ ಹಾಕುವುದು ಕೆಲವರಲ್ಲಿ ಹಾಗೆಯೇ ಉಳಿದಿತ್ತು. ಅನ್‌ಲೆಸ್ ಬಂದಲ್ಲಿ ಅನೇಕರು ಇನ್ನೂ ತಡವರಿಸಿದರು. ಒಂದು ಅವಧಿಯಲ್ಲಿ ನಾಲ್ಕು ತಪ್ಪು ತಿದ್ದುತ್ತೇನೆ ಎಂದು ಹೊರಟಿದ್ದು ನನ್ನ ದುರಾಸೆ. ಇನ್ನೊಮ್ಮೆ ಅವಕಾಶ ಸಿಕ್ಕರೆ ಬಿಕಾಸ್ ಮತ್ತು ಸೋ ಎರಡಕ್ಕೇ ಒಂದು ಪೂರ್ಣ ಅವಧಿ ಕೊಡುತ್ತೇನೆ. ಆಲ್ದೋವನ್ನು ಒಂದು ವಾರ ಬಿಟ್ಟು ತೆಗೆದುಕೊಳ್ಳುತ್ತೇನೆ.

ಆ ಹುಡುಗಿ ಕಿರುಪರೀಕ್ಷೆಯಲ್ಲಿ ಎಲ್ಲ ವಾಕ್ಯಗಳನ್ನೂ ಬರೆದಿದ್ದಳು. ಆದರೆ ತರಗತಿಯಲ್ಲಿ ಅವಳು ಮತ್ತೆ ಮಾತಾಡಿದಳು ಎಂದು ಬರೆಯಲಾರೆ. ಕೊನೆಯ ವಾರದ ಒಂದು ದಿನ ಅವಳು ಹೊಸ ರಜೆ ಚೀಟಿ ತಂದಳು. ಅಕ್ಕನ ಮದುವೆಗೆ ಒಂದು ದಿನದ ರಜೆ. ಮೇಜಿನ ಮೇಲೆ ಇಟ್ಟು, ನಾನು ಓದಿ ಮುಗಿಸುವ ತನಕ ಅಲ್ಲೇ ನಿಂತಿದ್ದಳು. ಬಿಕಾಸ್ ಮದುವೆಯ ವಾಕ್ಯದ ಮುಂದಿತ್ತು. ಕಾಗುಣಿತದ ಒಂದು ತಪ್ಪಿತ್ತು. ನಾನು ಗಟ್ಟಿಯಾಗಿ ಓದಲಿಲ್ಲ. "ಸರಿಯಾಗಿದೆ ಕಣಮ್ಮ, ಹೋಗಿ ಬಾ" ಎಂದು ಸಹಿ ಹಾಕಿದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಸಲಹೆಗಳು

1. ಕಂಜಂಕ್ಷನ್‌ಗಳಿಗೆ ಒಂದೊಂದು ಕನ್ನಡ ಪದ ಬರೆದು ಪಟ್ಟಿ ಮಾಡಬೇಡಿ. ಪೂರ್ಣ ವಾಕ್ಯದ ಜೋಡಿ ಕೊಡಿ. ಬಂದರೂ ಎಂಬುದಕ್ಕೆ ಆಲ್ದೋ, ವಾಕ್ಯದ ನಡುವಿನ ಆದರೂ ಎಂಬುದಕ್ಕೆ ಬಟ್ ಎಂಬುದು ವಾಕ್ಯದಲ್ಲಿ ಮಾತ್ರ ಕಾಣುತ್ತದೆ.

2. ಪ್ರತಿ ಪದಕ್ಕೂ "ಇದು ಯಾವ ವಾಕ್ಯಕ್ಕೆ ಸೇರಿದ್ದು?" ಎಂದು ಕೇಳಿಸಿ. ಅರ್ಥ ಗೊತ್ತಿರುವ ಮಗುವೂ ಎಡವುವುದು ಈ ಪ್ರಶ್ನೆಯಲ್ಲಿ.

3. ಬಿಟ್ಟ ಸ್ಥಳದ ಅಭ್ಯಾಸವನ್ನು ಆರಂಭಕ್ಕೆ ಮಾತ್ರ ಇಟ್ಟುಕೊಳ್ಳಿ. ಮೌಲ್ಯಮಾಪನಕ್ಕೆ ವಾಕ್ಯ ಜೋಡಣೆ ಕೊಡಿ.

4. ಬಿಕಾಸ್‌ನಿಂದ ವಾಕ್ಯ ಆರಂಭಿಸಬಾರದು ಎಂದು ಕಲಿಸಬೇಡಿ. ಮುಂದೆ ಪ್ರಧಾನ ವಾಕ್ಯ ಬಂದರೆ ಅದು ಸರಿಯಾದ ವಾಕ್ಯ. "ಬಿಕಾಸ್ ಐ ಹ್ಯಾಡ್ ಫೀವರ್" ಎಂದು ಬರೆದು ಅಲ್ಲಿಗೇ ಪೂರ್ಣವಿರಾಮ ಹಾಕಿದರೆ ಬರವಣಿಗೆಯಲ್ಲಿ ಅದು ಅರ್ಧ ವಾಕ್ಯ. ಏಕೆ ಬರಲಿಲ್ಲ ಎಂದು ಕೇಳಿದಾಗ ಬಾಯಲ್ಲಿ ಹಾಗೆ ಉತ್ತರಿಸುವುದು ಸಹಜ.

5. ಒಂದೇ ಕೊಂಡಿ ಎಂಬ ನಿಯಮಕ್ಕೆ ಹೊರತಾದವೂ ಇವೆ. ಐದರ್ ಮತ್ತು ಆರ್, ನಾಟ್ ಓನ್ಲಿ ಮತ್ತು ಬಟ್ ಆಲ್ಸೋ ಜೋಡಿಯಾಗಿಯೇ ಬರುತ್ತವೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ದೋ ಜೊತೆ ಯೆಟ್ ಕೂಡ ಕಾಣುತ್ತದೆ. ಯಾವುದಾದರೂ ಮಗು ಅದನ್ನು ತೋರಿಸಿದರೆ ಮೆಚ್ಚಿಕೊಳ್ಳಿ, ತಪ್ಪು ಎನ್ನಬೇಡಿ.

6. ಮೀನ್ಸ್, ಬಟ್ ಮುಂತಾದ ಹೆಚ್ಚುವರಿ ಪದಗಳನ್ನು ತಿದ್ದುವ ಮೊದಲು ನಮ್ಮ ಮಾತನ್ನೇ ಒಮ್ಮೆ ಕೇಳಿಸಿಕೊಳ್ಳೋಣ. ಸಹಪಾಠಿ ವೀಕ್ಷಣೆಯಲ್ಲಿ ನನ್ನ ಗೆಳೆಯ ನನ್ನ ಪಾಠದಲ್ಲೇ ಎರಡು ಮೀನ್ಸ್ ಗುರುತು ಹಾಕಿಕೊಂಡಿದ್ದ.

7. ಮಗುವಿನ ತಪ್ಪು ವಾಕ್ಯವನ್ನು ಹಲಗೆಗೆ ತರಬೇಕಾದರೆ ಹೆಸರಿಲ್ಲದೆ ತನ್ನಿ. ಅದಕ್ಕೂ ಮೊದಲು ಆ ಮಗುವಿನ ನೋಟ್‌ಬುಕ್ ನೋಡಿ. ಕನ್ನಡದಲ್ಲಿ ಏನು ಯೋಚಿಸಿತ್ತು ಎಂದು ಕೇಳಿ.

ನನ್ನ ವೀಕ್ಷಣಾ ಪುಸ್ತಕದ ಆ ಎರಡು ಸಾಲುಗಳನ್ನು ನಾನು ಈಗ ಪ್ರತಿ ಪಾಠ ಯೋಜನೆಯ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಹೊಸ ಶಾಲೆ, ಹೊಸ ತರಗತಿ ಸಿಕ್ಕಾಗ ಹಲಗೆಯ ಮುಂದೆ ನಿಲ್ಲುವ ಮುಂಚೆ ಮಕ್ಕಳ ನೋಟ್‌ಬುಕ್‌ಗಳ ಹಿಂದಿನ ಪುಟ ತಿರುವಿ ನೋಡುತ್ತೇನೆ. ಪೆನ್ಸಿಲಿನಲ್ಲಿ ಬರೆದ ಅಲ್ಲಿನ ಕನ್ನಡ ವಾಕ್ಯಗಳಿಂದಲೇ ನನ್ನ ಇಂಗ್ಲಿಷ್ ಪಾಠ ಶುರುವಾಗಬೇಕು ಎಂಬುದು ನನಗೆ ಈಗ ಗೊತ್ತು.